ಚಿಕಾಗೋದ ನೆಲಮಾಳಿಗೆಯಲ್ಲಿ ಸಿಕ್ಕ ಮನೆಮಾತು

ನಮ್ಮೂರು ಗುಡ್ನಾಪುರ. ಶಿರಸಿ ತಾಲೂಕು, ಬನವಾಸಿ ಪಕ್ಕ. ಇಲ್ಲಿನ ದೊಡ್ಡ ಕೆರೆ, ಕದಂಬರ ರವಿವರ್ಮನ ಕಂಬಶಾಸನ ಇತಿಹಾಸ ಓದಿದವರಿಗೆ ಗೊತ್ತಿರುತ್ತೆ. ಶಾಸನ ಸಂಸ್ಕೃತದಲ್ಲಿದೆ, ಲಿಪಿ ಹಳೆಯದು. ಇದೇ ಊರಲ್ಲಿ ಹುಟ್ಟಿ ಬೆಳೆದರೂ ಅದರ ಒಂದಕ್ಷರ ಓದೋಕೆ ನನಗೆ ಬರೋದಿಲ್ಲ.

ಕಳೆದ ದೀಪಾವಳಿಗೆ ಅಣ್ಣನ ಮಗ ಅಮೆರಿಕದಿಂದ ಬಂದಿದ್ದ. ಅವನ ಆರು ವರ್ಷದ ಮಗಳಿಗೆ ಕನ್ನಡ ಅರ್ಥವಾಗುತ್ತೆ, ಆಡೋಕೆ ಬರೋದಿಲ್ಲ. ಜಗುಲಿಯಲ್ಲಿ ಕೂತು ಅವನಿಗೆ ಚೆನ್ನಾಗಿ ಬೈದೆ. ಊರು ಬಿಟ್ಟವರೆಲ್ಲ ಭಾಷೆಯನ್ನೂ ಬಿಟ್ಟರು ಅಂದೆ. ಮಾಣಿ ಎದುರು ಮಾತಾಡಲಿಲ್ಲ. ರಾತ್ರಿ ಆ ಮಗು ಬಂದು ಕತೆ ಹೇಳು ಅಂತ ಕೈ ಹಿಡಿದು ಎಳೆಯಿತು. ನಮ್ಮ ಆಯಿ ಹೇಳುತ್ತಿದ್ದ ಕತೆಗಳನ್ನ ನೆನೆಸಿಕೊಳ್ಳೋಕೆ ಹೋದೆ. ಒಂದೂ ಪೂರ್ತಿ ನೆನಪಾಗಲಿಲ್ಲ. ಅರ್ಧಕ್ಕೆ ನಿಂತವು. ಊರು ಬಿಡದ ನಾನೂ ಕಳೆದುಕೊಂಡವನೇ.

ಆವತ್ತಿನಿಂದ ಎ.ಕೆ. ರಾಮಾನುಜನ್ ಅವರನ್ನ ಮತ್ತೆ ಓದ್ತಾ ಇದ್ದೀನಿ. ಅವರು ತೀರಿಕೊಂಡು ಮೂವತ್ತು ವರ್ಷ ದಾಟಿತು. ಹೊರದೇಶದಲ್ಲಿ ಬಾಳಿದ ಭಾರತೀಯ ಕವಿಗಳ ಮಾತು ಬಂದಾಗೆಲ್ಲ ಅವರ ಹೆಸರು ಬರುತ್ತೆ. ಆದರೆ ಅವರ ಬದುಕನ್ನ ನಾವು ಊರು ಬಿಟ್ಟವನ ಕತೆಯಾಗಿ ಓದುವುದೇ ತಪ್ಪು ಅಂತ ಈಗ ನನಗನ್ನಿಸಿದೆ.

ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನಲ್ಲಿ. ಮನೆಯವರು ತಮಿಳು ಅಯ್ಯಂಗಾರರು. ತಂದೆ ಗಣಿತದ ಪ್ರಾಧ್ಯಾಪಕರು. ಖಗೋಳಶಾಸ್ತ್ರವನ್ನೂ ಬಲ್ಲವರು, ಜ್ಯೋತಿಷ್ಯವನ್ನೂ ನಂಬಿದವರು. ಮಹಡಿಯ ಮೇಲೆ ತಂದೆಯ ಜೊತೆ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಾಯಿಯ ಜೊತೆ ತಮಿಳು, ಬೀದಿಗೆ ಇಳಿದರೆ ಕನ್ನಡ. ಒಂದೇ ಮನೆಯ ಮೆಟ್ಟಿಲು ಹತ್ತಿ ಇಳಿಯುವಾಗ ಭಾಷೆ ಬದಲಾಗುತ್ತಿತ್ತು. ಅಂದರೆ ಕನ್ನಡ ಅವರ ಹುಟ್ಟುಭಾಷೆಯಲ್ಲ, ಓರಗೆಯ ಹುಡುಗರ ಜೊತೆ ಆಡಿ ಗಳಿಸಿದ್ದು.

ಕಾಲೇಜಿಗೆ ಸೇರಿದ್ದು ವಿಜ್ಞಾನ ಓದೋಕೆ. ಮಗನಿಗೆ ಗಣಿತ ಒಗ್ಗುವುದಿಲ್ಲ ಅಂತ ಕಂಡುಕೊಂಡ ತಂದೆಯೇ ಅವರನ್ನ ಇಂಗ್ಲಿಷ್ ಸಾಹಿತ್ಯದ ಕಡೆ ತಿರುಗಿಸಿದರು. ಎಂ.ಎ. ಮುಗಿಸಿದ ಮೇಲೆ ಕೇರಳದ ಕೊಲ್ಲಂ, ನಮ್ಮ ಬೆಳಗಾವಿ, ಗುಜರಾತಿನ ಬರೋಡಾ ಅಂತ ಊರೂರಿನಲ್ಲಿ ಪಾಠ ಮಾಡಿದರು. ಬೆಳಗಾವಿಯ ದಿನಗಳಲ್ಲಿ ಮೇಷ್ಟರ ಕೆಲಸದ ಜೊತೆಗೆ ಇನ್ನೊಂದು ಕೆಲಸ ಹಚ್ಚಿಕೊಂಡರು. ಕಂಡಕಂಡವರಿಂದ ಗಾದೆ ಕೇಳೋದು, ಅಜ್ಜಿಯರಿಂದ ಕತೆ ಕೇಳೋದು, ಬರೆದಿಟ್ಟುಕೊಳ್ಳೋದು. 1955ರಲ್ಲಿ ಗಾದೆಗಳ ಬಗ್ಗೆ ಕನ್ನಡದಲ್ಲೇ ಪುಸ್ತಕ ತಂದರು. ಆಗ ಅವರ ವಯಸ್ಸು 26. ಇಂಗ್ಲಿಷ್ ಮೇಷ್ಟರೊಬ್ಬರು ಅಡುಗೆಮನೆಯ ಕತೆಗಳಿಗೆ ಕಿವಿಗೊಟ್ಟು ಕೂರೋದು ಆ ಕಾಲಕ್ಕೆ ಅಪರೂಪವೇ.

1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಮಾಡಿದ್ದು ಯಾವುದರ ಮೇಲೆ ಗೊತ್ತಾ? ಕನ್ನಡ ವ್ಯಾಕರಣದ ಮೇಲೆ. 1962ರಲ್ಲಿ ಚಿಕಾಗೋ ವಿಶ್ವವಿದ್ಯಾಲಯ ಸೇರಿದರು, ಕೊನೆವರೆಗೂ ಅಲ್ಲೇ ಇದ್ದರು.

ಚಿಕಾಗೋಕ್ಕೆ ಹೋದ ಹೊಸತು. ಒಂದು ಶನಿವಾರ ಹಳೆ ತಮಿಳಿನ ವ್ಯಾಕರಣ ಹುಡುಕಿಕೊಂಡು ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಮನೆಯಲ್ಲಿ ಆಡುತ್ತಿದ್ದ ತಮಿಳಿನ ಪ್ರಾಚೀನ ರೂಪ ಅವರಿಗೆ ಗೊತ್ತಿರಲಿಲ್ಲ. ಅಲ್ಲಿ ಕೈಗೆ ಸಿಕ್ಕಿದ್ದು ಯು.ವಿ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ್ದ ಸಂಗಂ ಕಾಲದ ಕವಿತೆಗಳ ಸಂಕಲನ. ಅದನ್ನ ಓದೋಕೆ ಕಲಿತರು, ಇಂಗ್ಲಿಷಿಗೆ ತಂದರು. 1967ರಲ್ಲಿ ಆ ಅನುವಾದ ಪುಸ್ತಕವಾಯಿತು. ತಾಯಿಯ ಭಾಷೆಯ ಅತಿ ಹಳೆಯ ಕವಿತೆ ಮಗನಿಗೆ ಸಿಕ್ಕಿದ್ದು ಅಡುಗೆಮನೆಯಲ್ಲಲ್ಲ, ಸಮುದ್ರದಾಚೆಯ ನೆಲಮಾಳಿಗೆಯಲ್ಲಿ!

ಕನ್ನಡದ ಲೆಕ್ಕವನ್ನೂ ನೋಡಿ. ಅವರ ಕನ್ನಡ ಕವನ ಸಂಕಲನಗಳು 'ಹೊಕ್ಕುಳಲ್ಲಿ ಹೂವಿಲ್ಲ' (1969), 'ಮತ್ತು ಇತರ ಕವಿತೆಗಳು' (1977), 'ಕುಂಟೋಬಿಲ್ಲೆ' (1990). ಮೂರೂ ಬಂದಿದ್ದು ಚಿಕಾಗೋಕ್ಕೆ ಹೋದ ಮೇಲೆ. ನಡುವೆ 'ಮತ್ತೊಬ್ಬನ ಆತ್ಮಚರಿತ್ರೆ' ಅನ್ನೋ ಕಾದಂಬರಿ. ಇಂಗ್ಲಿಷ್ ಕವಿತೆಗಳು ಬೇರೆ. ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮರ ವಚನಗಳು 1973ರಲ್ಲಿ ಅವರ ಅನುವಾದದಲ್ಲಿ ಜಗತ್ತಿಗೆ ಹೋದವು. ಅನಂತಮೂರ್ತಿಯವರ 'ಸಂಸ್ಕಾರ' 1976ರಲ್ಲಿ ಹೋಯಿತು. ಶಿರಸಿಯಲ್ಲಿ ಬಾಲ್ಯ ಕಳೆದ ಗಿರೀಶ ಕಾರ್ನಾಡರಿಗೆ 'ನಾಗಮಂಡಲ'ದ ಮೂಲ ಕತೆಗಳು ಸಿಕ್ಕಿದ್ದು ರಾಮಾನುಜನ್ ಬಾಯಿಂದಲೇ.

ಬನವಾಸಿ ಸೀಮೆಯ ನಮಗೆ ಇದು ಹೊಸದಾಗಿ ಕಾಣಬಾರದು. ಬನವಾಸಿಯನ್ನ ಹಂಬಲಿಸಿದ ಪಂಪನ ಕಾವ್ಯ ಹುಟ್ಟಿದ್ದು ಬನವಾಸಿಯಲ್ಲಲ್ಲ. ಕ್ರಿ.ಶ. 941ರ ಹೊತ್ತಿಗೆ, ಈಗ ತೆಲಂಗಾಣದಲ್ಲಿರುವ ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿ. ದೂರ ಇದ್ದವರೇ ಕೆಲವೊಮ್ಮೆ ಊರನ್ನ ಹತ್ತಿರದಿಂದ ಕಾಣ್ತಾರೆ.

ಹಾಗಂತ ರಾಮಾನುಜನ್ ಅವರನ್ನ ತೋರಿಸಿ ಅಣ್ಣನ ಮಗನಿಗೆ ಬುದ್ಧಿ ಹೇಳೋದೂ ಸರಿಯಲ್ಲ. ಅವರಿಗೆ ಭಾಷೆಯೇ ಉದ್ಯೋಗ. ದೊಡ್ಡ ಗ್ರಂಥಾಲಯ ಇತ್ತು, ಓದೋಕೆ ಸಂಬಳ ಸಿಗುತ್ತಿತ್ತು. ಕಂಪ್ಯೂಟರ್ ಮುಂದೆ ದಿನ ಸವೆಸುವವನಿಗೆ ಆ ಅನುಕೂಲ ಇಲ್ಲ. ಆದರೆ ಬೆಳಗಾವಿಯಲ್ಲಿ ಕತೆ ಕೇಳ್ತಾ ಕೂತ ರಾಮಾನುಜನ್ ಹತ್ತಿರ ಇದ್ದದ್ದು ಕಿವಿ ಮತ್ತು ಒಂದು ನೋಟ್‌ಬುಕ್. ಅಷ್ಟು ನಮ್ಮೆಲ್ಲರ ಹತ್ತಿರವೂ ಇದೆ.

ಆ ಕಿವಿಗೆ ನಾವು ಕೊಟ್ಟ ಮರ್ಯಾದೆ ಏನು? 1976ರಲ್ಲಿ ಪದ್ಮಶ್ರೀ ಕೊಟ್ಟೆವು. ಅವರು ಹೋದ ಮೇಲೆ, 2011ರಲ್ಲಿ, ರಾಮಾಯಣಕ್ಕೆ ನೂರಾರು ರೂಪ ಇದೆ ಅಂತ ತೋರಿಸಿದ ಅವರ ಪ್ರಬಂಧವನ್ನ ದೆಹಲಿ ವಿಶ್ವವಿದ್ಯಾಲಯ ಪಠ್ಯದಿಂದ ಕೈಬಿಟ್ಟಿತು. ಯಕ್ಷಗಾನ ನೋಡಿ ಬೆಳೆದ ನಮಗೆ ಇದು ವಿಚಿತ್ರ. ಒಂದೇ ಪ್ರಸಂಗದಲ್ಲಿ ಇವತ್ತಿನ ರಾವಣನ ಅರ್ಥಗಾರಿಕೆ ಬೇರೆ, ನಾಳೆಯ ರಾವಣನದ್ದು ಬೇರೆ. ಅದಕ್ಕಾಗಿ ಯಾರೂ ಆಟ ನಿಲ್ಲಿಸಿದ್ದಿಲ್ಲ.

1993ರ ಜುಲೈ 13ರಂದು ಚಿಕಾಗೋದಲ್ಲಿ ಶಸ್ತ್ರಚಿಕಿತ್ಸೆಗೆಂದು ಕೊಟ್ಟ ಅರಿವಳಿಕೆ ಒಗ್ಗದೆ ರಾಮಾನುಜನ್ ತೀರಿಕೊಂಡರು. 64 ವರ್ಷ. ಇಂಗ್ಲಿಷ್ ಕವಿತೆಗಳ ಸಮಗ್ರ ಸಂಪುಟ, ಕನ್ನಡ ಜನಪದ ಕತೆಗಳ ಸಂಪುಟ ಆಮೇಲೆ ಬಂದವು.

ಅವರು ಸಂಗ್ರಹಿಸಿದ ಒಂದು ಕನ್ನಡ ಕತೆ ನನ್ನನ್ನ ಬಿಡ್ತಾ ಇಲ್ಲ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿರುತ್ತೆ. ಯಾರಿಗೂ ಹೇಳೋದಿಲ್ಲ. ಒಳಗೆ ಉಸಿರುಕಟ್ಟಿದ ಕತೆ, ಹಾಡು ಒಂದು ದಿನ ಹೊರಗೆ ಜಿಗಿದು ಜೋಡು ಮತ್ತು ಅಂಗಿಯಾಗಿ ಬಾಗಿಲಲ್ಲಿ ಕೂರುತ್ತವೆ. ಗಂಡನಿಗೆ ಅನುಮಾನ, ಮನೆಯಲ್ಲಿ ಜಗಳ. ಕೊನೆಗೆ ನಿಜ ತಿಳಿದ ಗಂಡ ಬಂದು ಕೇಳಿದರೆ ಆಕೆಗೆ ಎರಡೂ ಮರೆತುಹೋಗಿರುತ್ತವೆ.

ನಮ್ಮ ಆಯಿ ಹೇಳಿದ್ದಳು. ಬರೆದಿಟ್ಟುಕೊಳ್ಳದೆ ಮರೆತವನು ನಾನು. ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬಳಿದ್ದಾಳೆ. ವಾರಕ್ಕೊಮ್ಮೆ ಸಂಜೆ ಮೊಬೈಲ್ ಹಿಡಿದು ಅವಳ ಹತ್ತಿರ ಕೂರ್ತೀನಿ. ಈವರೆಗೆ ಹನ್ನೊಂದು ಕತೆ ಆಯಿತು. ಎರಡನ್ನ ಆ ಪುಟ್ಟಿಗೆ ಕಳಿಸಿದ್ದೀನಿ. ಅರ್ಥವಾಗದ ಶಬ್ದ ಬಂದಾಗ ಅವಳು ಅಪ್ಪನ್ನ ಕೇಳ್ತಾಳಂತೆ, ಅವನು ನನಗೆ ಫೋನ್ ಮಾಡ್ತಾನೆ. ನನಗೂ ಗೊತ್ತಿಲ್ಲದಿದ್ದರೆ ಅಜ್ಜಿಯ ಮನೆಗೆ ಹೋಗ್ತೀನಿ.