ಬುದ್ಧಿಗೆ ಅಳತೆಗೋಲು ಕಂಡ ಬಿನೆ

ಅಕ್ಕಿಯನ್ನು ತೂಗಲು ತಕ್ಕಡಿಯುಂಟು, ಬಟ್ಟೆಯನ್ನು ಅಳೆಯಲು ಗಜಕಡ್ಡಿಯುಂಟು. ಮಗುವಿನ ಬುದ್ಧಿಯನ್ನು ಅಳೆಯುವುದೆಂತು? ಈ ಪ್ರಶ್ನೆಗೆ ಉತ್ತರ ಹುಡುಕಿ ಜಗದ್ವಿಖ್ಯಾತನಾದವನು ಫ್ರಾನ್ಸಿನ ಆಲ್ಫ್ರೆಡ್ ಬಿನೆ.

1857ರಲ್ಲಿ ನೀಸ್ ನಗರದಲ್ಲಿ ಜನಿಸಿದ ಬಿನೆ ಓದಿದ್ದು ಕಾನೂನು; ಒಲಿದದ್ದು ಮನಶ್ಶಾಸ್ತ್ರಕ್ಕೆ. ಗ್ರಂಥಾಲಯದಲ್ಲಿ ಕುಳಿತು ಗುರುವಿಲ್ಲದೆಯೇ ಅದನ್ನು ಕಲಿತನು. ಪ್ಯಾರಿಸಿನ ಆಸ್ಪತ್ರೆಯೊಂದರಲ್ಲಿ ಹೆಸರಾಂತ ವೈದ್ಯ ಶಾರ್ಕೊನ ಬಳಿ ಸಂಮೋಹನದ ಪ್ರಯೋಗಗಳನ್ನು ನಡೆಸಿದನು. ಅಯಸ್ಕಾಂತದ ಮಹಿಮೆಯೆಂದು ತಾನು ಸಾರಿದ್ದು ಕೇವಲ ರೋಗಿಗಳ ಮೇಲಾದ ಸೂಚನೆಯ ಫಲವೆಂದು ಪರರು ತೋರಿಸಿದಾಗ, ಆತನು ಸೋಲನ್ನು ಬಹಿರಂಗವಾಗಿ ಒಪ್ಪಿಕೊಂಡನು. ಅಂದಿನಿಂದ ಆತನ ಎಚ್ಚರ ಇಮ್ಮಡಿಸಿತು.

ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಮದ್ಲೇನ್ ಮತ್ತು ಆಲೀಸ್. ಒಬ್ಬಳು ನಿಧಾನಿ, ಇನ್ನೊಬ್ಬಳು ಚಂಚಲೆ. ಅವರ ಆಟಪಾಟಗಳನ್ನು ಗಮನಿಸುತ್ತ, ಬುದ್ಧಿಗೆ ಒಂದೇ ರೂಪವಿಲ್ಲವೆಂಬುದನ್ನು ಬಿನೆ ಮನಗಂಡನು. ಮುಂದೆ ಶಾಲಾಮಕ್ಕಳ ತಲೆಯ ಸುತ್ತಳತೆಯನ್ನು ಅಳೆದು, ಅದರಿಂದ ಬುದ್ಧಿ ತಿಳಿಯದೆಂದು ಕಂಡು, ಆ ದಾರಿಯನ್ನೂ ಬಿಟ್ಟನು.

1904ರಲ್ಲಿ ಫ್ರೆಂಚ್ ಸರಕಾರವು, ಪಾಠದಲ್ಲಿ ಹಿಂದುಳಿದ ಮಕ್ಕಳನ್ನು ಗುರುತಿಸುವ ಬಗೆಯನ್ನು ವಿಚಾರಿಸಲು ಸಮಿತಿಯೊಂದನ್ನು ನೇಮಿಸಿತು. ಅದರ ಸದಸ್ಯನಾದ ಬಿನೆ, ವೈದ್ಯ ಸಿಮೋನನೊಡಗೂಡಿ 1905ರಲ್ಲಿ 30 ಪ್ರಶ್ನೆಗಳ ಪರೀಕ್ಷೆಯನ್ನು ರಚಿಸಿದನು. ವಸ್ತುಗಳ ಹೆಸರು ಹೇಳುವುದು, ಕೇಳಿದ ಅಂಕಿಗಳನ್ನು ಮರಳಿ ನುಡಿಯುವುದು, ಇಂಥವು ಅದರಲ್ಲಿದ್ದುವು. 1908ರಲ್ಲಿ ಅವನ್ನು ವಯಸ್ಸಿಗೆ ತಕ್ಕಂತೆ ಜೋಡಿಸಿದನು. ಹಿಂದುಳಿದ ಮಗುವಿಗೆ ನೆರವೀಯುವುದೇ ಅವನ ಉದ್ದೇಶ. ತಕ್ಕ ಅಭ್ಯಾಸದಿಂದ ಬುದ್ಧಿ ಬೆಳೆಯುವುದೆಂದೇ ಅವನ ನಂಬಿಕೆ. 1911ರಲ್ಲಿ, 54ನೆಯ ವಯಸ್ಸಿಗೇ, ಆತನು ತೀರಿಕೊಂಡನು.

ಅನಂತರ ಅಳತೆಗೋಲು ಅನ್ಯರ ಕೈ ಸೇರಿತು. 1913ರಲ್ಲಿ ಗಾಡರ್ಡ್ ಎಂಬ ಅಮೆರಿಕನ್ ವಿದ್ವಾಂಸನು, ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪಕ್ಕೆ ಬಂದಿಳಿದ ವಲಸೆಗಾರರನ್ನು ಈ ಪ್ರಶ್ನೆಗಳಿಂದ ಪರೀಕ್ಷಿಸಿ, ಬಹುಮಂದಿಯನ್ನು ಮಂದಮತಿಗಳೆಂದು ಎಣಿಸಿದನು. ಊರು ಹೊಸದು, ನುಡಿ ಹೊಸದು, ಪ್ರಯಾಣದ ದಣಿವು ಬೇರೆ. ಇವು ಯಾವುವೂ ಲೆಕ್ಕಕ್ಕೆ ಬರಲಿಲ್ಲ.

ನಮ್ಮ ನಾಡಿನ ಮಕ್ಕಳಿಗೆ ಹಾಗಾಗದಂತೆ ದುಡಿದವರು ಡಾ. ವಿ. ವಿ. ಕಾಮತರು. ಆಗ ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡದಲ್ಲಿ ಮಕ್ಕಳನ್ನು ಪರೀಕ್ಷಿಸಿ, ಬಿನೆಯ ಪ್ರಶ್ನೆಗಳನ್ನು ಕನ್ನಡ, ಮರಾಠಿ ಮಾತನಾಡುವ ಮಕ್ಕಳಿಗೆ ಒಪ್ಪುವಂತೆ ಮಾರ್ಪಡಿಸಿ, 1934ರಲ್ಲಿ ಪ್ರಕಟಿಸಿದರು. ಬಿನೆ–ಕಾಮತ್ ಪರೀಕ್ಷೆಯೆಂದು ಅದು ದಶಕಗಳ ಕಾಲ ಭಾರತದಲ್ಲಿ ಬಳಕೆಯಲ್ಲಿ ಬಂದಿದೆ.

ಫೋರ್ಟಿನ ಕಚೇರಿಗಳಲ್ಲಿ ಹಗಲೆಲ್ಲ ಅಂಕಿಗಳೊಡನೆ ಬಾಳುವ ನಮಗೆ ಅಂಕಿಯ ಮೇಲೆ ಭಕ್ತಿ ಸಹಜ. ನಮ್ಮ ಮಕ್ಕಳಿಗಾದರೋ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಮಗು ದಡ್ಡನೆಂದು ಯಾರಾದರೂ ಬರೆದುಕೊಟ್ಟರೆ, ಪ್ರಶ್ನೆಯನ್ನು ಯಾವ ನುಡಿಯಲ್ಲಿ ಕೇಳಿದಿರೆಂದು ತಂದೆತಾಯಿಗಳು ಮೊದಲು ವಿಚಾರಿಸಲಿ. ಬಿನೆಯ ಬಾಳು ನಮಗೆ ಕಲಿಸುವುದು ಇದನ್ನೇ.