ಹಸಿಹಾಲಿನ ಜ್ವರ ಮತ್ತು ಆಲಿಸ್ ಇವಾನ್ಸ್

ನಾವಿಲ್ಲಿ ಅಮೆರಿಕದಲ್ಲಿ ಕೊಳ್ಳೋ ಹಾಲಿನ ಮೇಲೆ ‘ಪಾಶ್ಚರೈಸ್ಡ್’ ಅಂತ ಇರುತ್ತಲ್ಲ, ಅದರಲ್ಲಿ ಆಲಿಸ್ ಇವಾನ್ಸ್ ಅವರ ಪಾಲೂ ಇದೆ. 1881ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದ ಅವರು ಮೊದಲು ಹಳ್ಳಿ ಶಾಲೆಯ ಟೀಚರ್, ಆಮೇಲೆ ಬ್ಯಾಕ್ಟೀರಿಯಾ ತಜ್ಞೆ. ಹಸು ಕಂದು ಹಾಕುವ ಬ್ರೂಸೆಲ್ಲೋಸಿಸ್ ರೋಗಾಣುವೂ ಮನುಷ್ಯರಿಗೆ ಮೇಕೆಹಾಲಿನಿಂದ ಬರೋ ಮಾಲ್ಟಾ ಜ್ವರದ ರೋಗಾಣುವೂ ಹತ್ತಿರದ ನಂಟರು, ಹಸುವಿನ ಹಸಿಹಾಲೂ ಅಪಾಯವೇ ಎಂದು 1917ರಲ್ಲಿ ಹೇಳಿದರು. ಯಾರು ನಂಬ್ತಾರೆ? ಪಿಎಚ್.ಡಿ. ಇಲ್ಲದ ಹೆಂಗಸು! 1922ರಲ್ಲಿ ಅದೇ ಜ್ವರ ಪ್ರಯೋಗಾಲಯದಲ್ಲಿ ಅವರಿಗೇ ಅಂಟಿ, ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಾಡಿತು. ಡಾಕ್ಟರುಗಳು ಅದನ್ನೂ ಮನಸ್ಸಿನ ಕಾಯಿಲೆ ಅಂದ್ರು. 1934ರಲ್ಲಿ ಸರ್ಕಾರ ದನಗಳ ರಕ್ತಪರೀಕ್ಷೆ ಶುರುಮಾಡಿತು. ಮೊದಲೆರಡು ವರ್ಷ ಪರೀಕ್ಷಿಸಿದ ದೊಡ್ಡ ದನಗಳಲ್ಲಿ ಶೇ. 11.5ರಷ್ಟರಲ್ಲಿ ರೋಗದ ಗುರುತು ಸಿಕ್ಕಿತು. ಮಂದೆ ಮಂದೆಯ ಲೆಕ್ಕವಿಟ್ಟು, ರೋಗದ ದನಗಳನ್ನು ತೆಗೆಯುತ್ತಾ ಹೋದಂತೆ ಅದು ಇಳಿಯಿತು. 1975ರಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡ ಇವಾನ್ಸ್ ಆ ಇಳಿತವನ್ನು ಕಂಡೇ ಹೋದರು.