ಗುಣಮಟ್ಟ ನಿಯಂತ್ರಣದ ಪಿತಾಮಹ ವಾಲ್ಟರ್ ಶೂಹಾರ್ಟ್

ವಿದ್ಯಾರ್ಥಿ ಮಿತ್ರರೇ, ಒಂದು ಹಾಳೆಯ ಮೇಲೆ ‘ಅ’ ಎಂಬ ಅಕ್ಷರವನ್ನು ಹತ್ತು ಸಲ ಬರೆಯಿರಿ. ಒಂದರಂತೆಯೇ ಇನ್ನೊಂದು ಇರಬೇಕೆಂದು ಎಷ್ಟು ಎಚ್ಚರಿಕೆಯಿಂದ ಬರೆದರೂ ಯಾವ ಎರಡು ಅಕ್ಷರಗಳೂ ತದ್ರೂಪವಾಗಿರುವುದಿಲ್ಲ. ಒಂದರ ಸುಳಿ ಸ್ವಲ್ಪ ದೊಡ್ಡದು, ಇನ್ನೊಂದು ತುಸು ವಾರೆ. ಕೈ ಅದೇ, ಲೇಖನಿ ಅದೇ, ಬರೆದವರೂ ಒಬ್ಬರೇ; ಆದರೂ ವ್ಯತ್ಯಾಸ ತಪ್ಪಲಿಲ್ಲ. ಬರೆಯುತ್ತಿರುವಾಗ ಪಕ್ಕದಲ್ಲಿ ಕುಳಿತವನ ಮೊಣಕೈ ತಗುಲಿತೆನ್ನಿ. ಆಗ ಅಕ್ಷರದ ಬಾಲ ಹಾಳೆಯ ಅಂಚಿನವರೆಗೂ ಓಡುತ್ತದೆ. ಮೊದಲಿನ ವ್ಯತ್ಯಾಸಕ್ಕೆ ಇಂಥದೇ ಕಾರಣವೆಂದು ಬೆರಳಿಟ್ಟು ತೋರಿಸಲಾಗದು. ಎರಡನೆಯದಕ್ಕೆ ಕಾರಣ ಸ್ಪಷ್ಟವಾಗಿದೆ. ಈ ಎರಡು ಬಗೆಯ ವ್ಯತ್ಯಾಸಗಳನ್ನು ಬೇರ್ಪಡಿಸುವ ಉಪಾಯವನ್ನು ಜಗತ್ತಿಗೆ ಕಲಿಸಿಕೊಟ್ಟ ಮಹನೀಯರೇ ವಾಲ್ಟರ್ ಶೂಹಾರ್ಟ್. ಅವರು 1931ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥವೂ ಅಕ್ಷರ ಬರೆಯುವ ಇಂಥದೇ ಒಂದು ಪ್ರಯೋಗದಿಂದ ಆರಂಭವಾಗುತ್ತದೆ.

ಶೂಹಾರ್ಟ್ ಅವರು 1891ರ ಮಾರ್ಚ್ 18ರಂದು ಅಮೆರಿಕದ ಇಲಿನಾಯ್ ರಾಜ್ಯದ ನ್ಯೂ ಕ್ಯಾಂಟನ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಪದವಿ ಹಾಗೂ ಸ್ನಾತಕೋತ್ತರ ಪದವಿಗಳನ್ನು ಪಡೆದು, 1917ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಗಳಿಸಿದರು. ಕೆಲಕಾಲ ಅಧ್ಯಾಪಕ ವೃತ್ತಿಯನ್ನೂ ಕೈಗೊಂಡಿದ್ದರು. ಆದರೆ ಅವರ ಜೀವನದ ಮಹಾಕಾರ್ಯವು ಅವರಿಗಾಗಿ ಕಾರ್ಖಾನೆಯೊಂದರಲ್ಲಿ ಕಾದಿತ್ತು.

1918ರಲ್ಲಿ ಅವರು ವೆಸ್ಟರ್ನ್ ಎಲೆಕ್ಟ್ರಿಕ್ ಕಂಪೆನಿಯ ತಪಾಸಣಾ ವಿಭಾಗವನ್ನು ಸೇರಿದರು. ಷಿಕಾಗೋ ನಗರದ ಸಮೀಪ ಹಾಥಾರ್ನ್ ಎಂಬಲ್ಲಿದ್ದ ಈ ಕಂಪೆನಿಯ ಕಾರ್ಖಾನೆಯಲ್ಲಿ ದೂರವಾಣಿಯ ಉಪಕರಣಗಳು ತಯಾರಾಗುತ್ತಿದ್ದವು. ದೂರವಾಣಿ ವ್ಯವಸ್ಥೆಯ ಅನೇಕ ಭಾಗಗಳನ್ನು ನೆಲದಡಿಯಲ್ಲಿ ಹೂಳಬೇಕಾಗಿತ್ತು. ಒಮ್ಮೆ ಹೂತ ಬಳಿಕ ಕೆಟ್ಟರೆ ಅಗೆದು ತೆಗೆಯುವುದು ಬಹಳ ಖರ್ಚಿನ ಕೆಲಸ. ಆದ್ದರಿಂದ ವಸ್ತು ಮೊದಲೇ ಚೆನ್ನಾಗಿರಬೇಕಿತ್ತು. ಆದರೆ ಆ ಕಾಲದ ತಪಾಸಣೆ ಎಂದರೆ, ಸಿದ್ಧವಾದ ವಸ್ತುಗಳಲ್ಲಿ ಕೆಟ್ಟವನ್ನು ಆರಿಸಿ ಬಿಸಾಡುವುದು, ಅಷ್ಟೆ. ಅನ್ನದಲ್ಲಿ ಕಲ್ಲು ಸಿಕ್ಕಾಗ ತೆಗೆದೆಸೆಯುವುದಕ್ಕೂ ಅಕ್ಕಿಯನ್ನೇ ಮೊದಲು ಆರಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಗೃಹಿಣಿಯರಿಗೆಲ್ಲ ಗೊತ್ತು. ಕಾರ್ಖಾನೆಯವರಿಗೆ ಅದು ಇನ್ನೂ ಗೊತ್ತಾಗಬೇಕಾಗಿತ್ತು.

ಅಲ್ಲಿ ಇನ್ನೊಂದು ವಿಚಿತ್ರವೂ ನಡೆದಿತ್ತು. ಒಂದು ವಸ್ತು ಅಳತೆಯಲ್ಲಿ ತುಸು ಹೆಚ್ಚಾಗಿ ಬಂದರೆ ಯಂತ್ರವನ್ನು ಈ ಕಡೆ ತಿರುಗಿಸುವರು. ಮುಂದಿನದು ಕಡಿಮೆಯಾದರೆ ಆ ಕಡೆ ತಿರುಗಿಸುವರು. ಸರಿಪಡಿಸುವ ಈ ಆತುರದಿಂದ ಏರಿಳಿತ ಕಡಿಮೆಯಾಗುವ ಬದಲು ಇನ್ನಷ್ಟು ಹೆಚ್ಚುತ್ತಿತ್ತು! ಹಾಗಾದರೆ ಯಂತ್ರವನ್ನು ಯಾವಾಗ ಮುಟ್ಟಬೇಕು, ಯಾವಾಗ ಮುಟ್ಟಬಾರದು? ಶೂಹಾರ್ಟ್ ಅವರ ಮುಂದಿದ್ದ ಪ್ರಶ್ನೆ ಇದೇ.

1924ರ ಮೇ 16ರಂದು ಅವರು ತಮ್ಮ ಮೇಲಧಿಕಾರಿ ಜಾರ್ಜ್ ಎಡ್ವರ್ಡ್ಸ್ ಅವರಿಗೆ ಒಂದು ಟಿಪ್ಪಣಿಯನ್ನು ಕಳುಹಿಸಿದರು. ಅದು ಕೇವಲ ಒಂದೇ ಪುಟದ್ದು. ಅದರಲ್ಲಿಯೂ ಮೂರರಲ್ಲೊಂದು ಭಾಗವನ್ನು ಒಂದು ಸರಳ ಚಿತ್ರವೇ ಆಕ್ರಮಿಸಿತ್ತು. ಅದೇ ಜಗತ್ತಿನ ಮೊತ್ತಮೊದಲ ನಿಯಂತ್ರಣ ನಕ್ಷೆ. ಒಂದು ಪುಟದ ಕಾಗದವು ಕೈಗಾರಿಕೆಗಳ ದಾರಿಯನ್ನೇ ಬದಲಾಯಿಸಿತೆಂದರೆ ಅತಿಶಯೋಕ್ತಿಯಾಗದು.

ಈ ನಕ್ಷೆ ಎಂಥದು? ನಮ್ಮ ವಯನಾಡಿನಲ್ಲಿ ಹಾಲಿನ ಸೊಸೈಟಿಗೆ ಹಾಲು ಹಾಕುವ ಮನೆಗಳು ಬಹಳ. ಒಂದು ಮನೆಯ ಹಸುವಿನ ಹಾಲಿನ ಕೊಬ್ಬಿನಂಶ ದಿನಕ್ಕೊಂದರಂತೆ 3.9, 4.1, 3.8, 4.0 ಹೀಗೆ ಬರುತ್ತಿದೆ ಎಂದು ಇಟ್ಟುಕೊಳ್ಳೋಣ. ಇಪ್ಪತ್ತು ಇಪ್ಪತ್ತೈದು ದಿನಗಳ ಲೆಕ್ಕವನ್ನು, ದಿನದ ಕ್ರಮವನ್ನು ಕೆಡಿಸದೆ, ಚೌಕುಳಿ ಹಾಳೆಯ ಮೇಲೆ ಚುಕ್ಕೆಗಳಾಗಿ ಗುರುತಿಸಬೇಕು. ಸರಾಸರಿಯ ಮಟ್ಟದಲ್ಲಿ ನಡುವೆ ಒಂದು ಗೆರೆ. ಚುಕ್ಕೆಗಳ ಸಹಜ ಏರಿಳಿತವನ್ನು ಲೆಕ್ಕಹಾಕಿ, ಮೇಲೊಂದು ಕೆಳಗೊಂದು ಮಿತಿಯ ಗೆರೆ. ಸಾಮಾನ್ಯವಾಗಿ ಈ ಮಿತಿಗಳನ್ನು ಸರಾಸರಿಯಿಂದ ಮಾನಕ ವಿಚಲನೆಯ ಮೂರರಷ್ಟು ದೂರದಲ್ಲಿ ಎಳೆಯುತ್ತಾರೆ. ಚುಕ್ಕೆಗಳು ಎರಡು ಮಿತಿಗಳ ನಡುವೆ ಗೊತ್ತುಗುರಿಯಿಲ್ಲದೆ ಕುಣಿಯುತ್ತಿದ್ದರೆ ಅದು ಸಹಜ ಏರಿಳಿತ. ನಿನ್ನೆಗಿಂತ ಇಂದು 0.2 ಕಡಿಮೆಯಾಯಿತೆಂದು ಹಸುವಿನ ಮೇವನ್ನು ಬದಲಿಸಬೇಕಾಗಿಲ್ಲ, ಹಾಲು ಕರೆದವರನ್ನು ಗದರಿಸಬೇಕಾಗಿಲ್ಲ. ಒಂದು ದಿನ ಚುಕ್ಕೆ ಕೆಳಮಿತಿಯನ್ನು ದಾಟಿ ಬಿದ್ದರೆ ಮಾತ್ರ ಅಂದೇ ವಿಚಾರಿಸಬೇಕು. ಹಸುವಿಗೆ ಜ್ವರವೇ? ಮೇವು ಬದಲಾಯಿತೇ? ವಾರ ಕಳೆದು ಕೇಳಿದರೆ ಕಾರಣದ ಗುರುತೇ ಸಿಗದು.

ಇಲ್ಲಿ ಎರಡು ತಪ್ಪುಗಳು ಆಗಬಹುದೆಂದು ಶೂಹಾರ್ಟ್ ತೋರಿಸಿಕೊಟ್ಟರು. ಸಹಜ ಏರಿಳಿತಕ್ಕೆ ವಿಶೇಷ ಕಾರಣ ಹುಡುಕಿ ಹೊರಡುವುದು ಒಂದು ತಪ್ಪು. ನಿಜವಾದ ವಿಶೇಷ ಕಾರಣವನ್ನು ಸಹಜವೆಂದು ಕಡೆಗಣಿಸುವುದು ಇನ್ನೊಂದು ತಪ್ಪು. ಇವೆರಡನ್ನೂ ಪೂರ್ತಿಯಾಗಿ ತಪ್ಪಿಸಿಕೊಳ್ಳುವುದು ಅಸಾಧ್ಯ. ಎರಡರಿಂದಲೂ ಆಗುವ ಒಟ್ಟು ನಷ್ಟ ಕಡಿಮೆಯಾಗುವಂತೆ, ಅನುಭವದ ಆಧಾರದ ಮೇಲೆ ಅವರು ಆ ಮೂರರ ಅಳತೆಯನ್ನು ಆರಿಸಿಕೊಂಡರು.

ಈ ನಕ್ಷೆಯನ್ನು ಬಳಸುವಾಗ ಮರೆಯಬಾರದ ಸಂಗತಿಯೊಂದಿದೆ. ಸೊಸೈಟಿಯವರು ಇಂತಿಷ್ಟು ಕೊಬ್ಬಿನಂಶ ಬೇಕೆಂದು ಕೇಳುವ ಮಟ್ಟ ಬೇರೆ, ಚುಕ್ಕೆಗಳೇ ತೋರಿಸಿಕೊಡುವ ಮಿತಿ ಬೇರೆ. ಮೊದಲನೆಯದು ನಮ್ಮ ಅಪೇಕ್ಷೆ. ಎರಡನೆಯದು ವಾಸ್ತವ ಸ್ಥಿತಿ. ಅಪೇಕ್ಷೆಯ ಗೆರೆಯನ್ನೇ ನಿಯಂತ್ರಣದ ಗೆರೆಯೆಂದು ಎಳೆದರೆ ನಕ್ಷೆ ನಿರರ್ಥಕವಾಗುತ್ತದೆ. ಚುಕ್ಕೆಗಳೆಲ್ಲ ಮಿತಿಯೊಳಗೇ ಇದ್ದು, ಆದರೂ ಮಟ್ಟ ಸಾಲದೆಂದಾದರೆ, ಆಗ ತಪ್ಪು ಕೆಲಸಗಾರನದಲ್ಲ. ಯಂತ್ರ, ಕಚ್ಚಾವಸ್ತು, ಕೆಲಸದ ಕ್ರಮ ಮುಂತಾದ ವ್ಯವಸ್ಥೆಯನ್ನೇ ಬದಲಾಯಿಸಬೇಕು. ಅದು ಆಡಳಿತದವರ ಹೊಣೆ. ಇದರಿಂದ ವಿನಾಕಾರಣ ಬೈಗುಳ ತಿನ್ನುತ್ತಿದ್ದ ಎಷ್ಟೋ ಕಾರ್ಮಿಕರಿಗೆ ನ್ಯಾಯ ದೊರಕಿಸುವ ಸಾಧನವೂ ಆ ನಕ್ಷೆಯೇ ಆಯಿತು.

1925ರಲ್ಲಿ ಬೆಲ್ ದೂರವಾಣಿ ಪ್ರಯೋಗಾಲಯ ಸ್ಥಾಪನೆಯಾದಾಗ ಶೂಹಾರ್ಟ್ ಅಲ್ಲಿಗೆ ಹೋದರು. 1956ರಲ್ಲಿ ನಿವೃತ್ತರಾಗುವವರೆಗೂ ಅಲ್ಲಿಯೇ ದುಡಿದರು. ಅವರ ತಾಳ್ಮೆಗೆ ಒಂದು ನಿದರ್ಶನವನ್ನು ಹೇಳಲೇಬೇಕು. ಸಂಖ್ಯೆಗಳನ್ನು ಬರೆದ ಸುಮಾರು ಸಾವಿರ ಬಿಲ್ಲೆಗಳನ್ನು ಒಂದು ಬೋಗುಣಿಯಲ್ಲಿ ಹಾಕಿ ಕಲಸಿ, ಒಂದನ್ನು ಎತ್ತಿ, ಸಂಖ್ಯೆಯನ್ನು ಬರೆದುಕೊಂಡು, ಬಿಲ್ಲೆಯನ್ನು ಮತ್ತೆ ಬೋಗುಣಿಗೆ ಹಾಕುವುದು. ಹೀಗೆ 4000 ಸಲ! ಕೇವಲ ಅದೃಷ್ಟದ ಆಟದಲ್ಲಿ ಸರಾಸರಿಗಳು ಎಷ್ಟು ಏರಿಳಿಯುತ್ತವೆಂಬುದನ್ನು ಈ ಪ್ರಯೋಗದಿಂದ ಕಣ್ಣಾರೆ ಕಂಡುಕೊಂಡರು. ಸೂತ್ರ ಕೈಯಲ್ಲಿದ್ದರೂ ಪರೀಕ್ಷಿಸದೆ ನಂಬುವ ಸ್ವಭಾವ ಅವರದಾಗಿರಲಿಲ್ಲ.

1938ರಲ್ಲಿ ಎಡ್ವರ್ಡ್ಸ್ ಡೆಮಿಂಗ್ ಎಂಬ ಸಂಖ್ಯಾಶಾಸ್ತ್ರಜ್ಞರ ಆಹ್ವಾನದ ಮೇರೆಗೆ ಶೂಹಾರ್ಟ್ ಅವರು ವಾಷಿಂಗ್‌ಟನ್ನಿನಲ್ಲಿ ಉಪನ್ಯಾಸಗಳನ್ನು ನೀಡಿದರು. ಡೆಮಿಂಗ್ ಅವರೇ ಸಂಪಾದಿಸಿದ ಆ ಉಪನ್ಯಾಸಗಳು 1939ರಲ್ಲಿ ಗ್ರಂಥರೂಪದಲ್ಲಿ ಹೊರಬಂದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ನಿಯಂತ್ರಣ ನಕ್ಷೆಯ ಬಳಕೆ ಹಬ್ಬಿತು. ಯುದ್ಧದಲ್ಲಿ ಸೋತು ನೆಲಕಚ್ಚಿದ್ದ ಜಪಾನಿಗೆ 1950ರಲ್ಲಿ ಡೆಮಿಂಗ್ ಈ ವಿದ್ಯೆಯನ್ನು ಕಲಿಸಿದರು. ಒಂದು ಕಾಲದಲ್ಲಿ ಅಗ್ಗದ ಸರಕೆಂದು ಹಗುರವಾಗಿ ಕಾಣುತ್ತಿದ್ದ ಜಪಾನೀ ವಸ್ತುಗಳು ಮುಂದೆ ಲೋಕಪ್ರಸಿದ್ಧವಾದುದಕ್ಕೆ ಇದೂ ಒಂದು ಕಾರಣ.

ನಮ್ಮ ದೇಶಕ್ಕೂ ಶೂಹಾರ್ಟ್ ಅವರ ಋಣವಿದೆ. ಭಾರತ ಸ್ವತಂತ್ರವಾದ ಹೊಸತು. ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪ್ರಶಾಂತಚಂದ್ರ ಮಹಲನೋಬಿಸ್ ಅವರು ಶೂಹಾರ್ಟ್ ಅವರನ್ನು ಬರಮಾಡಿಕೊಂಡರು. 1947-48ರಲ್ಲಿ ಸುಮಾರು ಮೂರು ತಿಂಗಳ ಕಾಲ ಅವರು ಭಾರತದಲ್ಲಿ ಸಂಚರಿಸಿ, ಕೈಗಾರಿಕೋದ್ಯಮಿಗಳನ್ನು ಕಂಡು, ಸಭೆಗಳಲ್ಲಿ ವಿಷಯವನ್ನು ತಿಳಿಯಹೇಳಿದರು. ಆಗ ಬಿತ್ತಿದ ಬೀಜ ವ್ಯರ್ಥವಾಗಲಿಲ್ಲ. 1950ರ ದಶಕದಲ್ಲಿ ಆ ಸಂಸ್ಥೆಯು ಮುಂಬಯಿ, ಬೆಂಗಳೂರು ಮೊದಲಾದ ನಗರಗಳಲ್ಲಿ ಗುಣಮಟ್ಟ ನಿಯಂತ್ರಣದ ಘಟಕಗಳನ್ನು ತೆರೆದು, ಕಾರ್ಖಾನೆಗಳ ಸಿಬ್ಬಂದಿಗೆ ಈ ವಿದ್ಯೆಯನ್ನು ಕಲಿಸತೊಡಗಿತು. ಹೂವಿನ ಹಡಗಲಿಯಲ್ಲಿ 1920ರಲ್ಲಿ ಜನಿಸಿ ಜಗದ್ವಿಖ್ಯಾತರಾದ ಸಿ. ಆರ್. ರಾವ್ ಅವರು ದೀರ್ಘಕಾಲ ಸೇವೆ ಸಲ್ಲಿಸಿದ ಸಂಸ್ಥೆಯೂ ಇದೇ.

ಶೂಹಾರ್ಟ್ ಅವರು 1967ರ ಮಾರ್ಚ್ 11ರಂದು, 76 ವರ್ಷ ತುಂಬಲು ಒಂದು ವಾರವಿರುವಾಗ, ನ್ಯೂಜೆರ್ಸಿಯಲ್ಲಿ ನಿಧನ ಹೊಂದಿದರು.

ಅವರ ಜೀವನದಿಂದ ಕಾರ್ಖಾನೆಯವರು ಮಾತ್ರವಲ್ಲ, ಅಧ್ಯಾಪಕರೂ ತಂದೆತಾಯಿಗಳೂ ಕಲಿಯಬೇಕಾದುದಿದೆ. ಕಿರುಪರೀಕ್ಷೆಯಲ್ಲಿ ಮಗುವಿಗೆ ಒಮ್ಮೆ 18, ಮತ್ತೊಮ್ಮೆ 16 ಅಂಕ ಬಂದೀತು. ಹದಿನಾರು ಬಂದ ದಿನ ಮನೆಯಲ್ಲಿ ಗದ್ದಲ, ಹದಿನೆಂಟು ಬಂದ ದಿನ ಸಿಹಿ. ನಾನೂ ಎಷ್ಟೋ ಸಲ ಹೀಗೆಯೇ ಗದರಿಸಿದ್ದೇನೆ. ಮುಂದಿನ ಸಲ ಅಂಕ ತಾನಾಗಿ ಏರಿದಾಗ ನನ್ನ ಗದರಿಕೆಯ ಫಲವೆಂದು ಬೀಗಿದ್ದೇನೆ. ಅದು ಬರಿಯ ಸಹಜ ಏರಿಳಿತವಾಗಿದ್ದಿರಬಹುದೆಂಬ ಅರಿವು ಆಗ ನನಗಿರಲಿಲ್ಲ. ಆದರೆ ಎಂದೂ ಹದಿನಾರಕ್ಕಿಂತ ಕೆಳಗಿಳಿಯದ ಮಗುವಿಗೆ ಒಮ್ಮೆಲೇ ನಾಲ್ಕು ಅಂಕ ಬಂದರೆ, ಗದರಿಸುವ ಮೊದಲು ಹತ್ತಿರ ಕೂರಿಸಿಕೊಂಡು ಕಾರಣವನ್ನು ಕೇಳಬೇಕು. ಕಣ್ಣು ಕಾಣದಿರಬಹುದು, ಮನೆಯಲ್ಲಿ ದುಃಖವಿರಬಹುದು. ಇಡೀ ತರಗತಿಯೇ ಸದಾ ಹಿಂದಿದ್ದರೆ ಬದಲಾಗಬೇಕಾದುದು ನಮ್ಮ ಪಾಠದ ಕ್ರಮ.

ವಿದ್ಯಾರ್ಥಿಗಳೇ, ಈ ವರ್ಷ ಒಂದು ಕೆಲಸ ಮಾಡಿ. ಮನೆಯಿಂದ ಶಾಲೆಗೆ ಬರಲು ಹಿಡಿಯುವ ನಿಮಿಷಗಳನ್ನು ಇಪ್ಪತ್ತೈದು ದಿನ ಬರೆದಿಟ್ಟು ನಕ್ಷೆ ಎಳೆಯಿರಿ. ದಿನವೂ ಮೂರೋ ನಾಲ್ಕೋ ನಿಮಿಷಗಳ ಹೆಚ್ಚುಕಡಿಮೆ ಕಾಣುವುದು. ಅದಕ್ಕೆ ನೆಪ ಹುಡುಕಬೇಡಿ. ಕಾಡಿನ ದಾರಿಯಲ್ಲಿ ಆನೆ ಅಡ್ಡ ನಿಂತು ಬಸ್ಸು ತಡೆದ ದಿನದ ಚುಕ್ಕೆ ಮಾತ್ರ ಮಿತಿಯ ಗೆರೆಯನ್ನು ದಾಟಿ ಮೇಲೇರಿ ನಿಲ್ಲುವುದು. ಅಂದು ತಡವಾದುದೇಕೆಂದು ಅಧ್ಯಾಪಕರು ಕೇಳಿದರೆ, ಆ ನಕ್ಷೆಯನ್ನೇ ತೋರಿಸಿರಿ.